ಒಂದು ಕಾಗದ ಕಮ್ಮಿ

ಸೂಕ್ ಅಹ್ರಾಸ್
೧೨ ಮಾರ್ಚ್ ೨೦೧೬

ಪ್ರೀತಿಯ ತಂಗಿ ಹೂರಿಯಾಗೆ,

ಮೊನ್ನೆ ಸಂಜೆ ನೀನು ಫೋನಿನಲ್ಲಿ ಹೇಳಿದ ಸಮಾಚಾರ ಸಕಾಲದಲ್ಲಿ ತಲುಪಿದೆ. ನಮ್ಮನೆ ಫೋನು ಈಚೆಗೆ ಗಂಟಲು ಕಟ್ಟಿದ ಮುದುಕಿಯ ಹಾಗೆ ಗೊಣಗುತ್ತದೆ. ಆದರೂ ಮುಖ್ಯವಾದ ಒಂದು ಮಾತು ಸ್ಪಷ್ಟವಾಗಿ ಕಿವಿಗೆ ಬಿತ್ತು: "ಅಣ್ಣಾ, ಕಡೆಗೂ ನನಗೂ ಸಕ್ಕರೆ ಬಂತು." ಅಷ್ಟು ಸಾಕು. ಉಳಿದದ್ದನ್ನು ನಾನೇ ತುಂಬಿಸಿಕೊಂಡೆ.

ಹೆದರಬೇಡ. ನಮ್ಮ ಮನೆತನದಲ್ಲಿ ಸಕ್ಕರೆ ಕಾಯಿಲೆ ಬಾರದವರು ಯಾರಿದ್ದಾರೆ? ಅಪ್ಪನಿಗೆ ನಲವತ್ತಕ್ಕೆ ಬಂತು, ನನಗೆ ನಲವತ್ತೈದಕ್ಕೆ, ನಿನ್ನ ಅತ್ತಿಗೆ ದಾವಿಯಾಗೆ ನನ್ನನ್ನು ಮದುವೆಯಾದ ಮೂರನೇ ವರ್ಷಕ್ಕೇ. ನಿನಗೆ ಐವತ್ನಾಲ್ಕಾದರೂ ಬರಲಿಲ್ಲವಲ್ಲ ಎಂದು ನಾವಿಬ್ಬರೂ ಒಳಗೊಳಗೇ ಬೆರಗಾಗುತ್ತಿದ್ದೆವು. ತಡವಾಗಿ ಬಂದದ್ದು ಸೌಮ್ಯವಾಗಿರುತ್ತದಂತೆ. ಒಮ್ಮೆ ಬಂದ ಮೇಲೆ ಹೋಗುವುದಿಲ್ಲ, ನಿಜ. ಆದರೆ ಬಾಯಿ ಕಟ್ಟಿ, ದಿನಾ ಒಂದಿಷ್ಟು ನಡೆದಾಡಿ, ಕಾಲು ನೋಡಿಕೊಂಡರೆ ಅದರ ಪಾಡಿಗೆ ಅದು ಮನೆಯ ಮೂಲೆಯಲ್ಲಿ ಬಿದ್ದಿರುತ್ತದೆ. ಎಷ್ಟೋ ಹೆಂಗಸರು ಅದನ್ನು ಇಟ್ಟುಕೊಂಡೇ ಎಂಬತ್ತು ವರ್ಷ ಬಾಳಿದ್ದಾರೆ.

ಇನ್ನು ಸಂದೂಕದ ವಿಚಾರ. ಆರೋಗ್ಯ ವಿಮೆಯ ಕಚೇರಿಯನ್ನು ಈ ದೇಶದಲ್ಲಿ ಸಂದೂಕ ಎಂದು ಕರೆದವನು ಯಾರೋ, ಬುದ್ಧಿವಂತ: ಎಲ್ಲರೂ ಹಾಕಬೇಕು, ತೆಗೆಯುವವನ ಹತ್ತಿರ ಬೀಗದ ಕೈ ಇರಬೇಕು. ಆ ಬೀಗದ ಕೈ ಎಂದರೆ ಕಾಗದ. ಅದರ ನಾಲ್ಕನೇ ಕಿಟಕಿಯಲ್ಲಿ ಮೂವತ್ತೆರಡು ವರ್ಷ ಕೂತು ನಿವೃತ್ತನಾದ ಅಣ್ಣ ಇರುವಾಗ ನೀನು ಬೇರೆಯವರನ್ನು ಕೇಳಿದರೆ ಅದು ನನಗೆ ಅವಮಾನ. ಆದ್ದರಿಂದ ಕೇಳು.

ಸಾಮಾನ್ಯ ಕಾಯಿಲೆಗೆ ಸಂದೂಕ ನೂರಕ್ಕೆ ಎಂಬತ್ತು ಕೊಡುತ್ತದೆ, ಇಪ್ಪತ್ತು ನಿನ್ನದು. ಆದರೆ ಸಕ್ಕರೆ ಕಾಯಿಲೆ ದೊಡ್ಡ ಕಾಯಿಲೆಗಳ ಪಟ್ಟಿಯಲ್ಲಿದೆ, ಅದಕ್ಕೆ ನೂರಕ್ಕೆ ನೂರು. ಔಷಧಿ ಡಬ್ಬದ ಮೇಲೆ ಹಸಿರು ಚೀಟಿ ಇದ್ದರೆ ಹಣ ಸಂದೂಕದ್ದು, ಕೆಂಪು ಚೀಟಿ ಇದ್ದರೆ ನಿನ್ನ ಕೈಚೀಲದ್ದು. ಖಾಸಗಿ ತಜ್ಞನ ಹತ್ತಿರ ಹೋಗುವ ಷೋಕಿ ಬೇಡ. ಅವನು ಒಂದೂವರೆ ಸಾವಿರ ದಿನಾರ್ ತೆಗೆದುಕೊಳ್ಳುತ್ತಾನೆ. ಸಂದೂಕದ ಪುಸ್ತಕದಲ್ಲಿ ತಜ್ಞನ ದರ ನೂರು ದಿನಾರ್, ಅದೂ ೧೯೮೭ರಲ್ಲಿ ಬರೆದದ್ದು. ನೂರಕ್ಕೆ ನೂರು ಎಂದರೂ ನಿನಗೆ ಮರಳುವುದು ಆ ನೂರೇ. ಆ ನೂರರಲ್ಲಿ ಮನೆಗೆ ಹೋಗುವ ದಾರಿಯಲ್ಲಿ ಎರಡು ಕಾಫಿ ಕುಡಿಯಬಹುದು, ಸಕ್ಕರೆ ಇಲ್ಲದೆ. ಸರ್ಕಾರಿ ಆಸ್ಪತ್ರೆಗೇ ಹೋಗು.

ನಿನ್ನ ಹತ್ತಿರ ಅಪ್ಪನ ಲೆಕ್ಕದ ಸಂದೂಕದ ಕಾರ್ಡು, ಶಿಫಾ ಕಾರ್ಡು, ಇದ್ದೇ ಇದೆ: ರೈಲ್ವೆ ಪಿಂಚಣಿದಾರನ ಮದುವೆಯಾಗದ ಮಗಳು. ಅಪ್ಪ ತೀರಿಕೊಂಡು ಹದಿನೆಂಟು ವರ್ಷವಾದರೂ ನಿನ್ನ ನೆಗಡಿ, ಕೆಮ್ಮು, ಹಲ್ಲುನೋವು ಎಲ್ಲ ಅವನ ಲೆಕ್ಕದಲ್ಲೇ ಗುಣವಾಗುತ್ತಿವೆ. ಆ ಹಸಿರು ಕಾರ್ಡನ್ನು ಕಣ್ಣಿನ ಹಾಗೆ ಕಾಪಾಡಿಕೋ.

ಅರ್ಜಿಗೆ ಹನ್ನೊಂದು ಕಾಗದ ಬೇಕು. ಹತ್ತು ಹಿಡಿದುಕೊಂಡು ಹೋದರೆ ಕಿಟಕಿಯಲ್ಲಿ ಕೂತವರು "ಒಂದು ಕಾಗದ ಕಮ್ಮಿ" ಎನ್ನುತ್ತಾರೆ. ಆ ವಾಕ್ಯವನ್ನು ಈ ಊರಿನಲ್ಲಿ ಪ್ರಸಿದ್ಧಿಗೆ ತಂದವನೇ ನಾನು, ಆದ್ದರಿಂದ ಅದರ ನೋವು ಬಲ್ಲೆ.

ನಿನ್ನ ಸಕ್ಕರೆಯಲ್ಲಿ ನೂರಕ್ಕೆ ನೂರು ಪಾಲುದಾರ,
ಖಮೀಸಿ

ತಾ.ಕ.: ಯಾರಿಗೂ ಹೇಳಬೇಡ. ಜನ ಸುಮ್ಮನೆ ಮಾತಾಡಿಕೊಳ್ಳುತ್ತಾರೆ.


ತ್ಲೆಮ್ಸೆನ್
೨೩ ಮಾರ್ಚ್ ೨೦೧೬

ಅಣ್ಣಾ,

ನಿನ್ನ ಕಾಗದ ಮೂರು ಸಲ ಓದಿದೆ. ಮೊದಲ ಸಲ ಅತ್ತೆ. ಎರಡನೇ ಸಲ, ಗಂಡನಿಗೇ ಕಾಯಿಲೆ ಅಂತ ಹೆಸರಿಟ್ಟಿದ್ದೀಯ ಅಂದುಕೊಂಡು ಸಿಟ್ಟು ಬಂತು. "ಒಮ್ಮೆ ಬಂದರೆ ಹೋಗಲ್ಲ, ಮೂಲೆಯಲ್ಲಿ ಬಿದ್ದಿರುತ್ತದೆ" ಅಂತ ಗಂಡಸರ ವಿಷಯವನ್ನು ಇಷ್ಟು ಸ್ವಂತ ಅನುಭವದಿಂದ ಬರೆದಿದ್ದಾನಲ್ಲ, ತಂಗಿಯ ಸಂತೋಷಕ್ಕೆ ಒಂದು ಒಳ್ಳೆಯ ಮಾತು ಬರಲಿಲ್ಲವೇ ಇವನ ಪೆನ್ನಿಗೆ ಅಂದುಕೊಂಡೆ. "ಕಾಲು ನೋಡಿಕೋ" ಅನ್ನುವಲ್ಲಿ ಮಾತ್ರ ಸ್ವಲ್ಪ ಎಡವಿದೆ. ಮೂರನೇ ಸಲ ಓದಿದಾಗ ಹೊಳೆಯಿತು. ಆಮೇಲೆ ನಕ್ಕ ನಗುವಿಗೆ ಕೈಯಲ್ಲಿದ್ದ ಜರಿದಾರ ಗಂಟು ಬಿದ್ದು, ಅದನ್ನು ಬಿಡಿಸಲು ಅರ್ಧ ದಿನ ಹಿಡಿಯಿತು.

ಅಣ್ಣಾ, ನನಗೆ ಕಾಯಿಲೆ ಬಂದಿಲ್ಲ. ಸಕ್ಕರೆ ಬಂದಿದೆ. ನೀಲಿ ಕಾಗದ ಸುತ್ತಿದ, ಮೊಣಕೈಯುದ್ದದ ಸಕ್ಕರೆ ಅಚ್ಚು, ಎರಡು. ಈ ಕಡೆ ಹೆಣ್ಣು ಕೇಳಲು ಬರುವವರು ತರುವುದು ಅದನ್ನೇ. ಪೂರ್ವದ ನೀವು ಏನು ತರುತ್ತೀರೋ ನನಗೆ ಮರೆತೇಹೋಗಿದೆ. ಅಲ್ಲಿ ನನ್ನನ್ನು ಕೇಳಿಕೊಂಡು ಯಾರೂ ಬಂದಿರಲಿಲ್ಲವಲ್ಲ.

ಅವನ ಹೆಸರು ಗೌತಿ. ಅರವತ್ತು ವರ್ಷ. ಹೆಂಡತಿ ತೀರಿ ಒಂಬತ್ತು ವರ್ಷ. ನಮ್ಮ ಎದುರು ಬೀದಿಯಲ್ಲಿ ತಾಮ್ರದ ಪಾತ್ರೆ ಬಡಿಯುತ್ತಾನೆ. ಮೊನ್ನೆ ನನ್ನ ದೊಡ್ಡ ತಟ್ಟೆಗೆ ಕಲಾಯಿ ಹಾಕಿ ತಂದುಕೊಟ್ಟವನು ಹೊಸ್ತಿಲಲ್ಲೇ ನಿಂತ.

"ಏನ್ ಹೂರಿಯಾ, ಈ ಊರಿನ ಮದುಮಕ್ಕಳಿಗೆಲ್ಲ ಮೂವತ್ ವರ್ಷದಿಂದ ಹೊಲೀತಿದೀಯ. ನಿನಗೇ ಅಂತ ಒಂದು ಹೊಲ್ಕೊಳ್ಳಲ್ವಾ?"

"ಹೊಲಿ ಅಂತ ಹೇಳೋರು ಯಾರೂ ಬರ್ಲಿಲ್ಲ."

"ನಾನು ಹೇಳ್ಲಾ?"

"ಹೇಳು. ಆದ್ರೆ ಮೆಲ್ಲಗೆ ಹೇಳು, ಇಡೀ ಬೀದಿ ಕೇಳಿಸ್ಕೊಳ್ತಿದೆ."

ನಲವತ್ತು ವರ್ಷ ಸುತ್ತಿಗೆ ಏಟಿನ ಮೇಲೆ ಮಾತಾಡಿ ಅವನ ಗಂಟಲೇ ಹಾಗಾಗಿದೆ. ಮರುದಿನ ಅವನ ಅಕ್ಕ ಸಕ್ಕರೆ ಹೊತ್ತುಕೊಂಡು ಬಂದಳು. ಇದನ್ನೇ ನಾನು ಫೋನಿನಲ್ಲಿ ಇಪ್ಪತ್ತು ನಿಮಿಷ ಹೇಳಿದ್ದು. ನೀನು ಪ್ರತಿ ಮಾತಿಗೂ "ದೇವರು ದೊಡ್ಡವನು, ಧೈರ್ಯ ತಗೋ" ಅನ್ನುತ್ತಿದ್ದೆ.

ಮೇ ಇಪ್ಪತ್ತು, ಶುಕ್ರವಾರ, ಇಳಿಹೊತ್ತಿನ ಅಸರ್ ನಮಾಜಿನ ನಂತರ ನಮ್ಮನೆಯಲ್ಲೇ ಫಾತಿಹಾ ಪ್ರಾರ್ಥನೆ ಓದಿ ಮದುವೆ. ಗಂಡಸರ ಕೋಣೆಯಲ್ಲಿ ಇಮಾಮರು ಕೇಳುತ್ತಾರೆ, ನೀನು "ಕೊಟ್ಟೆ" ಅನ್ನಬೇಕು. ಅಷ್ಟೇ ಕೆಲಸ. ಕಾನೂನಿನಂತೆ ನನ್ನ ಕಡೆಯಿಂದ ಯಾರನ್ನು ಬೇಕಾದರೂ ಕೂರಿಸಬಹುದು. ನನಗೆ ನೀನೇ ಬೇಕು. ಇಪ್ಪತ್ನಾಲ್ಕರ ವಯಸ್ಸಿನಲ್ಲಿ ನಾನು ಜರಿ ಕೆಲಸ ಕಲಿಯಲು ದೇಶದ ಆ ತುದಿಯಿಂದ ಈ ತುದಿಗೆ ಹೊರಟಾಗ ಮನೆಯವರೆಲ್ಲ ಬಾಗಿಲಿಗೆ ಅಡ್ಡ ನಿಂತರು. "ಹೋಗ್ಲಿ ಬಿಡ್ರೋ, ಹುಡುಗಿ ಸ್ವಾತಂತ್ರ್ಯ ಬಂದ ವರ್ಷ ಹುಟ್ಟಿದವಳು" ಅಂದದ್ದು ನೀನೊಬ್ಬನೇ. ಅದೇ ಬಾಯಿಂದ ಇನ್ನೊಂದು ಸಲ ಕಳಿಸಿಕೊಡು.

ನಿನ್ನ,
ಹೂರಿಯಾ

ತಾ.ಕ.: ನಿನ್ನ ಫೋನು ಸರಿಯಾಗೇ ಇದೆ. ಅತ್ತಿಗೆ ಮಾತಾಡಿದ್ದು ನನಗೆ ಗಾಜಿನ ಹಾಗೆ ಕೇಳಿಸಿತು. ಅಣ್ಣಾ, ನಿನಗೇ ಕೇಳಿಸುತ್ತಿಲ್ಲ, ಅಲ್ಲವಾ?


ಸೂಕ್ ಅಹ್ರಾಸ್
೧ ಏಪ್ರಿಲ್ ೨೦೧೬

ವಿಷಯ: ಸಕ್ಕರೆ (ತಿದ್ದುಪಡಿ)
ಉಲ್ಲೇಖ: ನಿನ್ನ ೨೩ ಮಾರ್ಚ್‌ನ ನಗೆ

ಪ್ರೀತಿಯ ತಂಗಿ,

ಹಿಂದಿನ ಪತ್ರವನ್ನು ಈ ಮೂಲಕ ಹಿಂಪಡೆಯಲಾಗಿದೆ. ಕಾಲು ನೋಡಿಕೊಳ್ಳಬೇಕೆಂಬ ಸಲಹೆ ಮಾತ್ರ ಜಾರಿಯಲ್ಲಿರುತ್ತದೆ.

ನಿನ್ನ ಕಾಗದ ಓದಿದೊಡನೆ ದಾವಿಯಾ ಬಾಲ್ಕನಿಗೆ ಓಡಿ ಇಡೀ ಮೊಹಲ್ಲಾಗೆ ಕೇಳಿಸುವಂತೆ ನಾಲಿಗೆ ಹೊರಳಿಸಿ ಉಲುಲು ಹಾಕಿದಳು. ಅದು ನನಗೂ ಚೆನ್ನಾಗಿ ಕೇಳಿಸಿತು. ನನ್ನ ಕಿವಿಯ ಬಗ್ಗೆ ನೀನು ಎತ್ತಿರುವ ಆಕ್ಷೇಪಣೆಗೆ ಇದೇ ಉತ್ತರ, ಆ ಕಡತ ಮುಚ್ಚಲಾಗಿದೆ. ಜನ ಈಚೆಗೆ ಬಾಯಿ ಬಿಟ್ಟು ಮಾತಾಡುವುದನ್ನು ಮರೆತಿದ್ದಾರೆ, ಅಷ್ಟೇ.

ಸಂತೋಷ, ತಂಗಿ. ತುಂಬಾ ಸಂತೋಷ. ಅದನ್ನು ಇನ್ನೂ ಉದ್ದವಾಗಿ ಬರೆಯಬೇಕೆಂದು ಕೂತೆ, ಆದರೆ ಮೂವತ್ತೆರಡು ವರ್ಷ ಅರ್ಜಿ ತುಂಬಿದ ಕೈ, ಕೊಟ್ಟ ಜಾಗದ ಆಚೆಗೆ ಬರೆಯಲಾರದು.

ಈಗ ಒಬ್ಬ ಅಧಿಕಾರಿಯಾಗಿ ಎಚ್ಚರಿಸುತ್ತೇನೆ. ಅಪ್ಪನ ಪಿಂಚಣಿಯ ಪಾಲೂ ಅಪ್ಪನ ಕಾರ್ಡೂ ನಿನಗೆ ಬರುತ್ತಿರುವುದು ನೀನು ಮದುವೆಯಾಗದ, ಸಂಪಾದನೆಯಿಲ್ಲದ ಮಗಳು ಎಂದು. (ಸಂಪಾದನೆಯಿಲ್ಲ ಎಂಬ ಜಾಗದಲ್ಲಿ ನಿನ್ನ ಸೂಜಿಯನ್ನು ಹದಿನೆಂಟು ವರ್ಷ ಕಾಣದವನಂತೆ ಇದ್ದೇನೆ. ಕಣ್ಣು ಕಾಣದಿದ್ದುದಕ್ಕೆ ನೀನು ಆಗ ಆಕ್ಷೇಪಿಸಲಿಲ್ಲ.) ಫಾತಿಹಾ ಓದಿದ ದಿನ ಅಪ್ಪ ನಿನಗೆ ಔಷಧಿ ಕೊಡಿಸುವುದನ್ನು ನಿಲ್ಲಿಸುತ್ತಾನೆ. ಆಮೇಲೆ ನೀನು ಗಂಡನ ಕಾರ್ಡಿನ ಕೆಳಗೆ ಹೋಗಬೇಕು. ಆದ್ದರಿಂದ ಗಂಡಿನ ರೂಪ, ಗುಣ, ಬಂಧುಬಳಗ ಯಾವುದನ್ನೂ ನಾನು ಕೇಳುವುದಿಲ್ಲ. ಒಂದೇ ಪ್ರಶ್ನೆ: ಕಾರ್ಡು ಇದೆಯೇ? ಸಂಖ್ಯೆ ಕಳಿಸು.

ನಾನು ಬರುವ ವಿಷಯ. ಸಾವಿರ ಕಿಲೋಮೀಟರು, ಎರಡು ಕಡೆ ರೈಲು ಬದಲಿಸಬೇಕು. ಬೆನ್ನು ಈಚೆಗೆ ತೀರಾ ನೋಯುತ್ತದೆ. ಒರಾನಿನಲ್ಲಿ ಚಿಕ್ಕಪ್ಪನ ಮಗ ಲಖ್ದರ್ ಇದ್ದಾನೆ, ನಿನಗೆ ಹತ್ತಿರ. ನನ್ನ ಜಾಗದಲ್ಲಿ ಅವನು ಕೂರಲಿ. ಅವನ ಧ್ವನಿಯೂ ಚೆನ್ನಾಗಿದೆ.

ಖಮೀಸಿ


ತ್ಲೆಮ್ಸೆನ್
೧೦ ಏಪ್ರಿಲ್ ೨೦೧೬

ಅಣ್ಣನಿಗೆ,

ನಿನ್ನ ಪ್ರಶ್ನೆಯನ್ನು ಗಂಡಿಗೆ ಮುಟ್ಟಿಸಿದೆ.

"ಗೌತಿ, ಕಾರ್ಡ್ ಇದ್ಯಾ?"

"ಇಲ್ದೆ ಏನು," ಅಂತ ಮತದಾರರ ಕಾರ್ಡು ತೆಗೆದು ತೋರಿಸಿದ.

"ಅದಲ್ಲ ಮಾರಾಯ, ಶಿಫಾ ಕಾರ್ಡು."

"ಅದ್ಯಾಕೆ? ನಲವತ್ ವರ್ಷ ತಾಮ್ರ ಬಡ್ದು ಬಡ್ದು ಮೈಯೂ ತಾಮ್ರ ಆಗಿದೆ. ನೆಗಡಿಗೆ ನಿಂಬೆಹಣ್ಣು, ಜ್ವರಕ್ಕೆ ಹಮ್ಮಾಮಿನ ಬಿಸಿ ಸ್ನಾನ."

"ಕಾಲು ಮುರಿದ್ರೆ?"

"ಕುಂಟ್ತೀನಿ."

ಸಂದೂಕಕ್ಕೆ ಜನ್ಮದಲ್ಲಿ ಒಂದು ದಿನಾರ್ ಹಾಕಿಲ್ಲ, ಒಂದು ದಿನಾರ್ ತೆಗೆದಿಲ್ಲ. ಸರಿ, ಬರೆದುಕೋ: ನನಗೆ ಸಿಕ್ಕಿರುವವನು ಕೆಂಪು ಚೀಟಿಯವನು. ನಿನ್ನ ಪಟ್ಟಿಯಲ್ಲಿಲ್ಲದವನು. ಅದಕ್ಕೇ ತಾನೇ ನಿನ್ನ ಬೆನ್ನು ನೋಯುತ್ತಿರುವುದು?

ನಿನ್ನ ಬೆನ್ನಿಗೆ ಯಾವತ್ತು ನೋವು ಬಂದಿತ್ತು, ಅಣ್ಣಾ? ಅಪ್ಪನ ಕಪಾಟನ್ನು ಒಬ್ಬನೇ ಹೊತ್ತು ಮೂರು ಮಹಡಿ ಇಳಿಸಿದ ಬೆನ್ನು ಅದು. ಗಂಡು ಇಷ್ಟವಿಲ್ಲದಿದ್ದರೆ ಇಷ್ಟವಿಲ್ಲ ಅನ್ನು. ನಾನು ಕಿವಿ ಕೇಳುವ ಹೆಂಗಸು, ನೆಟ್ಟಗೆ ಹೇಳಿದರೆ ಅರ್ಥವಾಗುತ್ತದೆ.

ಲಖ್ದರ್ ಬೇಡ. ಅವನ ಧ್ವನಿ ಅವನ ಹತ್ತಿರವೇ ಇರಲಿ. ನೀನು ಬರದಿದ್ದರೆ ಸಕ್ಕರೆ ಅಚ್ಚಿನ ನೀಲಿ ಕಾಗದ ಬಿಚ್ಚುವುದಿಲ್ಲ, ಹಾಗೇ ವಾಪಸು ಕಳಿಸುತ್ತೇನೆ. ಇದು ಬೆದರಿಕೆ ಅಲ್ಲ. ಐವತ್ನಾಲ್ಕು ವರ್ಷ ಕಾದವಳಿಗೆ ಯಾರ ಬಾಯಿಂದಲೋ ಹೋಗುವ ಅವಸರವೇನೂ ಇಲ್ಲ.

ಹೂರಿಯಾ


ಸೂಕ್ ಅಹ್ರಾಸ್
೨೪ ಏಪ್ರಿಲ್ ೨೦೧೬

ಪ್ರೀತಿಯ ತಂಗಿ,

ನಿನ್ನ ಕಾಗದ ಬಂದು ಆರು ದಿನವಾಯಿತು. ನಾಲ್ಕು ಉತ್ತರ ಬರೆದು ಹರಿದೆ. ಕಿಟಕಿಯಲ್ಲಿದ್ದಾಗ ಜನರ ಅರ್ಜಿ ಹರಿಯುವ ಆಸೆ ಎಷ್ಟೋ ಸಲ ಬಂದದ್ದುಂಟು, ಹರಿದದ್ದಿಲ್ಲ. ಆ ಆಸೆ ಈಗ ತೀರಿತು.

ಒಂದು ತಪ್ಪು ತಿಳಿವಳಿಕೆಯನ್ನು ಮೊದಲು ತಿದ್ದುತ್ತೇನೆ. ಕೆಂಪು ಚೀಟಿ ಎಂದರೆ ಔಷಧಿ ಕೆಟ್ಟದ್ದು ಎಂದು ಜನ ತಿಳಿಯುತ್ತಾರೆ. ಕಿಟಕಿಯ ಮುಂದೆ ನಿಂತು ಎಷ್ಟೋ ಮುದುಕಿಯರು ಅದನ್ನು ಉಗುರಿನಿಂದ ಕೆರೆದು ಹಸಿರು ಮಾಡಲು ನೋಡಿದ್ದಾರೆ. ಕೆಂಪಿನ ಅರ್ಥ ಅದಲ್ಲ. ಅದರ ಬೆಲೆಯನ್ನು ಬೇರೆಯವರು ಕೊಡುವುದಿಲ್ಲ, ಬೇಕಾದವರೇ ಕೊಟ್ಟುಕೊಳ್ಳಬೇಕು ಎಂದಷ್ಟೇ. ಎಷ್ಟೋ ಒಳ್ಳೆಯ ಔಷಧಿಗಳಿಗೆ ಕೆಂಪೇ ಇರುತ್ತದೆ. ನಿನ್ನ ಗೌತಿ ನನಗೆ ಇಷ್ಟವಾದ. "ಕುಂಟ್ತೀನಿ" ಅಂದನಲ್ಲ, ಅಲ್ಲೇ ಇಷ್ಟವಾದ. ಅಷ್ಟು ಚಿಕ್ಕ ಉತ್ತರ ಕೊಡುವ ಅರ್ಜಿದಾರ ನನ್ನ ಸೇವಾವಧಿಯಲ್ಲಿ ಒಬ್ಬನೂ ಸಿಗಲಿಲ್ಲ.

ದಾರಿಯೂ ಇದೆ. ಸಂಬಳವಿಲ್ಲದ ಸ್ವಂತ ಕಸುಬಿನವರಿಗೆ ಬೇರೆಯದೇ ಒಂದು ಸಂದೂಕವಿದೆ. ಕಡಿಮೆಯೆಂದರೆ ವರ್ಷಕ್ಕೆ ಮೂವತ್ತೆರಡು ಸಾವಿರದ ನಾನೂರು ದಿನಾರ್ ಕಟ್ಟಬೇಕು. ಕಾಯಿಲೆಗೂ ಆಯಿತು, ಮುದಿತನದ ಪಿಂಚಣಿಗೂ ಆಯಿತು. ಅವನು ಸೇರಿದರೆ ನೀನು ಅವನ ಕಾರ್ಡಿನ ಕೆಳಗೆ ಸುಖವಾಗಿರಬಹುದು.

ಆದರೆ ನಾನು ಬರಲಾರೆ. ಬೆನ್ನು. ನಂಬು.

ಖಮೀಸಿ

(ಇದೇ ಹಾಳೆಯ ಕೆಳಗೆ, ಬೇರೆ ಕೈಬರಹದಲ್ಲಿ)

ಹೂರಿಯಾ, ನಾನು ದಾವಿಯಾ. ಕವರು ಅಂಟಿಸು ಅಂತ ನನ್ನ ಕೈಗೆ ಕೊಟ್ಟು ಕಾಫಿ ಅಂಗಡಿಗೆ ಹೋಗಿದ್ದಾರೆ. ಬೆನ್ನಿಗೆ ಏನೂ ಆಗಿಲ್ಲ, ನಿನ್ನೆ ತಾನೇ ಗ್ಯಾಸ್ ಸಿಲಿಂಡರ್ ಹೊತ್ತು ಎರಡು ಮಹಡಿ ಹತ್ತಿದರು. ಹೋಗಿರುವುದು ಕಿವಿ, ಎರಡು ವರ್ಷವಾಯ್ತು. ಯಾರಿಗೂ ಹೇಳಬಾರದಂತೆ. ಇಡೀ ಊರಿಗೆ ಗೊತ್ತು.

ಫೆಬ್ರವರಿಯಲ್ಲಿ ಪಕ್ಕದ ಮನೆ ಹುಡುಗಿಯ ಮದುವೆಗೆ ಫಾತಿಹಾ ಓದುತ್ತಿದ್ದರು. ಇವರು ತಡವಾಗಿ ಹೋಗಿ, ಎಲ್ಲರೂ ಕೈಯೆತ್ತಿ ಕೂತಿದ್ದನ್ನು ನೋಡಿ, ಸತ್ತವರಿಗೆ ಓದುತ್ತಿದ್ದಾರೆ ಅಂದುಕೊಂಡರು. ಮದುಮಗನ ಕೈ ಹಿಡಿದು "ಧೈರ್ಯ ತಗೋಪ್ಪ, ನಾವೆಲ್ಲ ಒಂದಿನ ಹೋಗೋರೇ" ಅಂದರು. ಮದುಮಗ "ಆಮೀನ್" ಅಂದ. ಜನ ಇನ್ನೂ ನಗುತ್ತಿದ್ದಾರೆ. ನಿನ್ನ ಮದುವೆಯಲ್ಲಿ ಹಾಗಾದರೆ ಅಂತ ಇವರಿಗೆ ಭಯ. "ಅವಳು ಇಷ್ಟು ವರ್ಷ ಕಾದದ್ದು ನನ್ನಿಂದ ನಗೆಪಾಟಲಾಗೋದಕ್ಕಾ?" ಅಂದರು. ನನ್ನ ಹತ್ತಿರ ಅಲ್ಲ, ಬೆಕ್ಕಿನ ಹತ್ತಿರ. ಜೋರಾಗಿ ಅಂದರು, ಅವರಿಗೆ ಗೊತ್ತಾಗಲ್ಲವಲ್ಲ.


ತ್ಲೆಮ್ಸೆನ್
೨ ಮೇ ೨೦೧೬

ಅಣ್ಣಾ,

ನಿನ್ನ ಬೆನ್ನಿನ ಬಗ್ಗೆ ಅತ್ತಿಗೆ ಎಲ್ಲ ಬರೆದಿದ್ದಾಳೆ. ಅವಳ ಮೇಲೆ ರೇಗಬೇಡ. ರೇಗಿದರೆ ಅವಳು ಕೊಡುವ ಉತ್ತರ ನಿನಗೆ ಕೇಳಿಸುವುದಿಲ್ಲ, ನಷ್ಟ ನಿನಗೇ.

ಗಂಡು ಇಷ್ಟವಿಲ್ಲವೆಂದು ಬೆನ್ನಿನ ನೆಪ ಹೇಳುತ್ತೀಯ ಅಂದುಕೊಂಡು ಮೂರು ವಾರ ನಿನ್ನನ್ನು ಬೈದುಕೊಂಡೆ. ಅದನ್ನೆಲ್ಲ ವಾಪಸು ತೆಗೆದುಕೊಂಡಿದ್ದೇನೆ. ಈಗ ಹೊಸದಾಗಿ ಬೈಯುತ್ತೇನೆ.

ನಿನ್ನ ಸಂಬಳದಲ್ಲಿ ಮೂವತ್ತೆರಡು ವರ್ಷ ನೂರಕ್ಕೆ ಒಂಬತ್ತು ಹಿಡಿದುಕೊಂಡರಲ್ಲ, ಅದು ಯಾವ ಅಂಗಕ್ಕೆ ಅಂದುಕೊಂಡೆ? ಮೂಗಿಗೆ ಮಾತ್ರವಾ? ಊರವರ ಕಿವಿಗೆಲ್ಲ ಯಂತ್ರ ಕೊಡಿಸಿದವನು ನೀನು. ನಾಳೆ ಬೆಳಿಗ್ಗೆ ಎದ್ದು, ಕ್ಷೌರ ಮಾಡಿಕೊಂಡು, ನಿನ್ನದೇ ನಾಲ್ಕನೇ ಕಿಟಕಿಯ ಮುಂದೆ ಸಾಲಿನಲ್ಲಿ ನಿಲ್ಲು. ಒಳಗಿನ ಬಾಗಿಲಿಂದ ಹೋಗಬೇಡ. ಸಾಲಿನಲ್ಲಿ. ಒಮ್ಮೆ ಈ ಕಡೆಯಿಂದ ಆ ಗಾಜು ಹೇಗೆ ಕಾಣುತ್ತದೆ ನೋಡು.

ನನ್ನ ಸಮಾಚಾರ ಕೇಳು. ಸ್ವಂತ ಕಸುಬಿನವರ ಸಂದೂಕಕ್ಕೆ ಹೋಗಿದ್ದೆ. ಗೌತಿಯ ಅರ್ಜಿ ತರಲು ಅಲ್ಲ, ನನ್ನದು ಹಾಕಲು.

"ಕಸುಬು ಏನಮ್ಮ?" ಅಂತ ಕೇಳಿದ ಕಿಟಕಿಯವನು.

"ಜರಿ ಹೊಲಿಗೆ."

"ಎಷ್ಟು ವರ್ಷದಿಂದ?"

"ಇವತ್ತಿಂದ."

ಅವನು ನನ್ನ ಬೆರಳು ನೋಡಿದ. ಮೂವತ್ತು ವರ್ಷದ ಸೂಜಿಯ ಗುರುತು. "ಇವತ್ತೇ ಇಷ್ಟು ಚುಚ್ಚಿಕೊಂಡ್ರಾ?" ಅಂತ ಕೇಳಿ, ತಲೆ ತಗ್ಗಿಸಿ, "ಇವತ್ತಿಂದ" ಅಂತಲೇ ಬರೆದುಕೊಂಡ. ನಿನ್ನ ಜಾತಿಯವನೇ. ಹನ್ನೊಂದು ಕಾಗದವೂ ಇದ್ದವು, ಮುಂಚೆಯೇ ನಿನ್ನ ಕಾಗದ ಓದಿದ್ದೆನಲ್ಲ. ಅಪ್ಪನ ಪಿಂಚಣಿಯನ್ನು ನಿಲ್ಲಿಸಿ ಎಂದು ನಾನೇ ಕೈಯಾರೆ ಬರೆದುಕೊಟ್ಟೆ. ಅಪ್ಪ ಪಾಪ ಸುಸ್ತಾಗಿದ್ದಾನೆ, ಇನ್ನು ಮಲಗಲಿ. ಅಪ್ಪನ ಕಾರ್ಡಿನಿಂದ ಗಂಡನ ಕಾರ್ಡಿಗೆ ಪಾರ್ಸೆಲ್ಲಿನ ಹಾಗೆ ಹೋಗಲಾರೆ, ಅಣ್ಣಾ. ಇನ್ನು ನನ್ನ ಹಲ್ಲುನೋವು ನನ್ನ ಹೆಸರಿನಲ್ಲೇ ಗುಣವಾಗಬೇಕು.

ಆಮೇಲೆ ಗೌತಿಯ ಅಂಗಡಿಗೆ ಹೋಗಿ, ಮದುವೆಗೆ ಗಂಡು ನನಗೆ ಕೊಡಬೇಕಾದ ಮಹರ್ ಏನೆಂದು ಹೇಳಿದೆ.

"ಚಿನ್ನ ಬೇಡ. ನಿನ್ನ ಹೆಸರಲ್ಲಿ ಸಂದೂಕಕ್ಕೆ ವರ್ಷದ ಕಂತು ಕಟ್ಟಿ, ಆ ರಸೀದಿ ತಂದು ನನ್ನ ಕೈಲಿಡು."

ಸುತ್ತಿಗೆ ಕೆಳಗಿಟ್ಟ. "ಅಯ್ಯೋ, ಚಿನ್ನ ಆದ್ರೆ ಒಂದ್ಸಲ ಕೊಟ್ರೆ ಮುಗೀತು. ಇದು ವರ್ಷಾ ವರ್ಷಾನಾ?"

"ವರ್ಷಾ ವರ್ಷ. ಪ್ರತಿ ವರ್ಷ ಹೊಸದಾಗಿ ಮದ್ವೆ ಆದ ಹಾಗೆ."

"ನಾನು ತಾಮ್ರ ಕಣೇ, ನನಗೇನೂ ಆಗಲ್ಲ."

"ತಾಮ್ರಕ್ಕೂ ಕಲಾಯಿ ಬೇಕು ಗೌತಿ. ನೀನೇ ಹೇಳ್ತಿರ್ತೀಯ."

ಮರುದಿನ ಮಧ್ಯಾಹ್ನ ಹೊಸ ತಟ್ಟೆಯ ಮೇಲೆ ರಸೀದಿ ಇಟ್ಟುಕೊಂಡು ಬಂದ. ತಟ್ಟೆಯೂ ನನಗೇ ಅಂತೆ.

ಹೀಗೆ ಕೆಂಪು ಚೀಟಿ ಹಸಿರಾಯಿತು. ಕೆರೆಯದೆಯೇ. ಉಳಿದಿರುವುದು ನೀನು. ಬಾ.

ಹೂರಿಯಾ


ಸೂಕ್ ಅಹ್ರಾಸ್
೧೧ ಮೇ ೨೦೧೬

ಪ್ರೀತಿಯ ತಂಗಿ,

ಕೆಳಗೆ ಸಹಿ ಮಾಡಿರುವ ನಾನು, ಅಂದರೆ ಖಮೀಸಿ, ವಯಸ್ಸು ಅರವತ್ತೆಂಟು, ಈ ಮೂಲಕ ಒಪ್ಪಿಕೊಳ್ಳುವುದೇನೆಂದರೆ: ನನಗೆ ಕಿವಿ ಕೇಳಿಸುವುದಿಲ್ಲ. ಬೆನ್ನು ಚೆನ್ನಾಗಿದೆ.

ಸಾಲಿನಲ್ಲೇ ನಿಂತೆ. ಎರಡು ಗಂಟೆ. ನನ್ನ ಮುಂದಿದ್ದವನು ತಿರುಗಿ ನೋಡಿ, "ಏನ್ ಖಮೀಸಿ, ನಿನ್ನನ್ನೂ ಈ ಕಡೆ ಎಸೆದ್ರಾ?" ಅಂದ. ಅದು ಕೇಳಿಸಿತು, ಬೇಕಾದ್ದು ಮಾತ್ರ ಕೇಳಿಸದ ಕಾಯಿಲೆ ಇದು. ನಾಲ್ಕನೇ ಕಿಟಕಿಯಲ್ಲಿ ಈಗ ನುವಾರ ಕೂರುತ್ತಾಳೆ. ಕೆಲಸಕ್ಕೆ ಸೇರಿದಾಗ ಎದುರಿಗೆ ಯಾರಾದರೂ ಅತ್ತರೆ ತಾನೂ ಅಳುತ್ತಿದ್ದ ಹುಡುಗಿ. "ಕಡತ ನೋಡು, ಕಣ್ಣೀರು ನೋಡಬೇಡ" ಎಂದು ಕಲಿಸಿದವನು ನಾನು. ನನ್ನ ಕಾಗದಗಳನ್ನು ಎಣಿಸಿದಳು. ಇನ್ನೊಮ್ಮೆ ಎಣಿಸಿದಳು. ಏನೋ ಹೇಳಿದಳು.

"ಏನು?" ಅಂದೆ.

ಮತ್ತೆ ಹೇಳಿದಳು.

"ಬಾಯಿ ಬಿಟ್ಟು ಮಾತಾಡಮ್ಮ!"

ಆಗ ಒಂದು ಹಾಳೆ ತೆಗೆದು ದಪ್ಪ ಅಕ್ಷರದಲ್ಲಿ ಬರೆದು ಗಾಜಿಗೆ ಅಂಟಿಸಿ ಹಿಡಿದಳು: "ಖಮೀಸಿ ಚಿಕ್ಕಪ್ಪ, ಒಂದು ಕಾಗದ ಕಮ್ಮಿ ಇದೆ."

ಸಾಲಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಅದೂ ಕೇಳಿಸಿತು.

ಕಮ್ಮಿ ಇದ್ದದ್ದು ಯಾವುದು ಗೊತ್ತೇ? ಜನನ ಪತ್ರ ಇತ್ತು, ಕಾರ್ಡಿನ ನಕಲು ಇತ್ತು, ಪಿಂಚಣಿ ಪತ್ರ, ಫೋಟೋ, ಮನೆ ವಿಳಾಸ, ಎಲ್ಲ ಇತ್ತು. ನನಗೆ ಕಿವಿ ಕೇಳಿಸುವುದಿಲ್ಲ ಎಂದು ಹೇಳುವ ಡಾಕ್ಟರ ಕಾಗದ ಒಂದೇ ಇರಲಿಲ್ಲ. ಅದನ್ನು ಮಾಡಿಸದೆ ಉಳಿದದ್ದನ್ನೆಲ್ಲ ಜೋಡಿಸಿಕೊಂಡು ಹೋಗಿದ್ದೆ. ನುವಾರ ಸರಿಯಾಗಿಯೇ ಹಿಂದಿರುಗಿಸಿದಳು. ಹೆಮ್ಮೆಯಾಯಿತು, ಸ್ವಲ್ಪ ಅಳುವೂ ಬಂತು. ಅವಳು ಕಡತ ನೋಡಿದಳು, ಕಣ್ಣೀರು ನೋಡಲಿಲ್ಲ. ಒಳ್ಳೆಯ ಶಿಷ್ಯೆ.

ಮರುದಿನ ಸರ್ಕಾರಿ ಆಸ್ಪತ್ರೆಗೆ ಹೋದೆ. ಗಾಜಿನ ಗೂಡಿನಲ್ಲಿ ಕೂರಿಸಿ, ತಲೆಗೆ ಯಂತ್ರ ಹಾಕಿ, ಶಬ್ದ ಕೇಳಿದಾಗೆಲ್ಲ ಗುಂಡಿ ಒತ್ತು ಅಂದರು. ನಾನೇನು ಸಾಮಾನ್ಯನೇ? ಒಂದೇ ಸಮನೆ ಒತ್ತಿದೆ. ಡಾಕ್ಟರಮ್ಮ ಬಾಗಿಲು ತೆರೆದು ಬೆರಳಿನಿಂದ ಸನ್ನೆ ಮಾಡಿದಳು: ನಾನಿನ್ನೂ ಶುರು ಮಾಡಿಲ್ಲ.

ಡಾಕ್ಟರ ಕಾಗದವೂ ಸೇರಿತು, ನುವಾರ ಮುದ್ರೆ ಒತ್ತಿದಳು. ಪಟ್ಟಿಯಲ್ಲಿರುವ ಯಂತ್ರಕ್ಕೆ ಸಂದೂಕ ಕೊಡುತ್ತದೆ. ಕಿವಿಯೊಳಗೆ ಅಡಗಿ ಕೂರುವಂಥದು ಬೇಕಾದರೆ ನನ್ನ ಕೈಯಿಂದ. ಅಡಗಿಸಿ ಸಾಕಾಗಿದೆ. ಎಲ್ಲರಿಗೂ ಕಾಣುವಂಥದ್ದನ್ನೇ ಬರೆಸಿದೆ. ಆದರೆ ಕಿವಿಯ ಅಚ್ಚು ತೆಗೆದು, ಯಂತ್ರ ತಯಾರಾಗಿ ಬರಲು ಜೂನ್ ಆಗುತ್ತದೆ. ಎಂದರೆ ನಿನ್ನ ಮದುವೆಗೆ ನಾನು ಈ ಹಳೆಯ ಕಿವಿಗಳನ್ನೇ ತರಬೇಕು.

ತರುತ್ತೇನೆ. ಹದಿನೆಂಟರ ರೈಲಿಗೆ ದಾವಿಯಾಗೂ ನನಗೂ ಟಿಕೀಟು ಆಗಿದೆ. ನಗೆಪಾಟಲಾದರೆ ಆಗೋಣ. ಎರಡು ಗಂಟೆ ಸಾಲಿನಲ್ಲಿ ನಿಂತವನಿಗೆ ಇನ್ನೇನು ಉಳಿದಿದೆ. ಉಪಾಯವನ್ನೂ ಮಾಡಿದ್ದೇನೆ: ಇಮಾಮರ ತುಟಿ ನೋಡಿಕೊಂಡೇ ಕೂರುತ್ತೇನೆ, ತುಟಿ ನಿಂತ ಕೂಡಲೇ "ಕೊಟ್ಟೆ" ಎನ್ನುತ್ತೇನೆ. ಅವರ ಗಡ್ಡ ಎಷ್ಟು ದೊಡ್ಡದು? ತುಟಿ ಕಾಣಿಸುತ್ತದೆಯೇ? ಈ ಕಾಗದಕ್ಕೆ ಉತ್ತರ ಬರುವಷ್ಟರಲ್ಲಿ ನಾನೇ ಅಲ್ಲಿರುತ್ತೇನೆ, ಆದರೂ ಕೇಳಿಡುತ್ತೇನೆ.

ಕಿವುಡ ಎಂದು ಪ್ರಮಾಣೀಕರಿಸಲ್ಪಟ್ಟ,
ನಿನ್ನ ಅಣ್ಣ


ತ್ಲೆಮ್ಸೆನ್, ಹೆಂಗಸರ ಕೋಣೆ
೨೦ ಮೇ ೨೦೧೬, ಶುಕ್ರವಾರ, ಅಸರ್ ಕಳೆದು
(ಗಂಡಸರ ಕೋಣೆಗೆ, ಪರದೆಯ ಸಂದಿಯಿಂದ, ಅತ್ತಿಗೆಯ ಕೈಯಲ್ಲಿ)

ಅಣ್ಣಾ,

ಇಮಾಮರು ಕೇಳಿದ್ದು "ಕುಡೀತೀರಾ" ಅಂತ ಅಲ್ಲ. "ತಂಗೀನ ಕೊಡ್ತೀರಾ" ಅಂತ. ನೀನು ಎದೆಯ ಮೇಲೆ ಕೈ ಇಟ್ಟುಕೊಂಡು, "ಒಂದೇ ಒಂದು ಲೋಟ ಸಾಕು, ಸಕ್ಕರೆ ಮಾತ್ರ ಬೇಡ, ನಮ್ಮ ಮನೆತನಕ್ಕೇ ಆಗಲ್ಲ" ಅಂದೆ.

ಪರದೆಯ ಈಚೆ ನಲವತ್ತು ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದಾರೆ. ಅತ್ತಿಗೆ ಕಣ್ಣು ಮುಚ್ಚಿಕೊಂಡಿದ್ದಾಳೆ. ಜೋರಾಗಿ ನಗುತ್ತಿರುವುದು ನಾನೊಬ್ಬಳೇ. ಮೂವತ್ತು ವರ್ಷ ಎಷ್ಟೋ ಮದುಮಕ್ಕಳನ್ನು ಸಿಂಗರಿಸಿದ್ದೇನೆ, ಎಲ್ಲರೂ ಈ ಹೊತ್ತಿಗೆ ಅಳುತ್ತಿದ್ದರು. ಆದ್ದರಿಂದ ನೀನು ನಾಚಿಕೊಳ್ಳಬೇಡ, ಮುಖ ಎತ್ತು.

ಅವರು ಎರಡನೇ ಸಲ ಕೇಳಲು ಗಂಟಲು ಸರಿಮಾಡಿಕೊಳ್ಳುತ್ತಿದ್ದಾರೆ. ಗಡ್ಡ ನೋಡಬೇಡ, ಅದರಲ್ಲಿ ತುಟಿ ಸಿಗುವುದಿಲ್ಲ. ಈ ಕಾಗದ ನೋಡು. ಅವರು ಕೇಳುವುದು ಇಷ್ಟೇ:

"ಖಮೀಸಿ, ನಿಮ್ಮ ತಂಗಿ ಹೂರಿಯಾಳನ್ನು, ಅವಳು ಒಪ್ಪಿದ ಮಹರ್‌ಗೆ, ಗೌತಿಗೆ ಕೊಟ್ಟು ಮದುವೆ ಮಾಡುತ್ತೀರಾ?"

ಉತ್ತರ ನಿನಗೆ ಗೊತ್ತಿದೆ.


(ಅದೇ ಕಾಗದದ ಹಿಂಭಾಗದಲ್ಲಿ)

ತಂಗಿ,

ಕಡತ ಪರಿಶೀಲಿಸಿದೆ. ಒಂದು ಕಾಗದ ಕಮ್ಮಿ ಇತ್ತು. ಈಗ ಬಂತು.

"ಕೊಟ್ಟೆ" ಎಂದು ಮೂರು ಸಲ ಹೇಳಿದೆ. ನಿನಗೆ ಕೇಳಿಸಿತಾ?